ಈ ವಾರದ ಸಮಸ್ಯೆ: ತಲೆಗಿತ್ತುದು ತನ್ನ ಪೀಠಮಂ ತಲೆಯೊಂದೈ

ಸಂಚಾಲಕ: ವಸ್ತು ಸ್ಕಾಟ್ಲೆಂಡಿನ ದಂಡನಾಯಕ ಮಾಂಟ್ರೋಸ್ (1612–1650). 1650ರ ಮೇ 21ಕ್ಕೆ ಎಡಿನ್‌ಬರೋದಲ್ಲಿ ಗಲ್ಲಿಗೇರಿಸಿ ತಲೆನ ಟೋಲ್‌ಬೂತ್ ಜೈಲಿನ ಮೇಲೆ ಮೊಳೆಗೆ ಚುಚ್ಚಿಟ್ರು, ಕೈಕಾಲು ನಾಲ್ಕೂರಿಗೆ ಹಂಚಿದ್ರು. ಈ ಸಾಲಲ್ಲೇ ಮುಗಿಯೋ ಹಾಗೆ ಮಿಕ್ಕ ಮೂರು ಸಾಲು ಕಟ್ಟಿ ಪೂರಣ ಬರಲಿ.

ತುಂಗಾತೀರ:
ಛಲದಿಂ ಪೆಣೆದಿರ್ವರೊಳಗೆ
ಬಲಿಯಾದಂ ಮುನ್ನಮಲ್ತೆ ಮಾಂಟ್ರೋಸ್ ವೀರಂ
ಇಳಿಯಲ್ಕಾರ್ಗೈಲ್ ಬಂದಂ
ತಲೆಗಿತ್ತುದು ತನ್ನ ಪೀಠಮಂ ತಲೆಯೊಂದೈ

1661ರಲ್ಲಿ ಮಾಂಟ್ರೋಸ್ ತಲೆ ಇಳಿಸಿ ಸೇಂಟ್ ಜೈಲ್ಸ್ ಚರ್ಚಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿದ್ರು, ಅದೇ ವರ್ಷ ಮೇ 27ಕ್ಕೆ ಅವನ ಹಗೆ ಆರ್ಗೈಲ್ ತಲೆ ಕಡಿದು ಅದೇ ಜಾಗಕ್ಕೆ ಏರಿಸಿದ್ರು. ಹನ್ನೊಂದು ವರ್ಷ ಬಿಸಿಲು ಮಳೆ ತಿಂದ ಮೊಳೆ ಅದು.

ಹಳೇಗರಡಿ: ಕಲ್ಪನೆ ಚೆನ್ನಾಗಿದೆ. ಆದ್ರೆ ಮೂರನೇ ಸಾಲು? ಇಳಿ ಅಲ್ಲ ಸ್ವಾಮಿ, ಹಳಗನ್ನಡದಲ್ಲಿ ಇೞಿ. ಪ್ರಾಸಕ್ಕೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು, ನೀವು ರಳ (ಹಳೇ ೞ ಅಕ್ಷರ) ತಂದು ಲಕಾರದ ಪಕ್ಕ ಕೂರಿಸಿದ್ದೀರಿ.

ತುಂಗಾತೀರ: ರಳ ಯಾವತ್ತೋ ಳಕಾರದಲ್ಲಿ ಕರಗಿಹೋಯ್ತು ಸರ್, ಈಗ ಯಾರ ನಾಲಿಗೇಲಿದೆ?

ಹಳೇಗರಡಿ: ಕರಗಿ ಸೇರಿದ್ದು ಕುಳಕ್ಕೆ, ಅಂದ್ರೆ ಅಚ್ಚಗನ್ನಡದ ಳಕಾರಕ್ಕೆ. ಸಂಸ್ಕೃತದ ಲಕಾರದಿಂದ ಬಂದ ಳ, ಅಂದ್ರೆ ಕ್ಷಳ ಆಗಿದ್ರೆ ನಾನೇ ಬಾಯ್ಮುಚ್ಕೊಂಡು ಒಪ್ತಿದ್ದೆ. ಬಂದಂ, ಇತ್ತುದು ಅಂತ ಹಳಗನ್ನಡದ ಪಂಚೆ ಉಟ್ಕೊಂಡು ಸಿಕ್ಕಿಬಿದ್ದಾಗ ಮಾತ್ರ ಹೊಸಗನ್ನಡ ಅಂದ್ರೆ ಹೇಗೆ?

ತುಂಗಾತೀರ: ಯುಗಾದಿ ಗೋಷ್ಠೀಲಿ ನಿಮ್ಮ ಅರಿಸಮಾಸ (ಸಂಸ್ಕೃತ-ಕನ್ನಡ ಪದ ಬೆಸೆದ ತಪ್ಪು) ಎತ್ತಿ ತೋರಿಸಿದ್ದು ಇನ್ನೂ ಮರ್ತಿಲ್ಲ ಅನ್ಸುತ್ತೆ.

ಹಳೇಗರಡಿ: ಅದನ್ನ ಅವತ್ತೇ ತಿದ್ಕೊಂಡೆ. ನೀವೂ ತಿದ್ಕೊಳ್ಳಿ.

ಕಂದಪ್ರಿಯೆ: ನಡುವೆ ನಂದೊಂದು. ಪೀಠ ಅಂದ್ರೆ ಸಿಂಹಾಸನ ಅಂತ ತಗೊಂಡೆ, 1649ರ ಜನವರೀಲಿ ಇಂಗ್ಲೆಂಡಲ್ಲಿ ಒಂದನೇ ಚಾರ್ಲ್ಸ್ ತಲೆ ಹೋಯ್ತು, ಫೆಬ್ರವರೀಲಿ ಸ್ಕಾಟರು ಮಗನನ್ನ ರಾಜ ಅಂತ ಸಾರಿದ್ರು.

ಕೊಲೆಗೀಡಾಗಲ್ ಚಾರ್ಲ್ಸಂ
ನೆಲದೊಡೆಯಂ ಸ್ಕಾಟರಲ್ಲಿ ಮಗನಾದನಲಾ
ಸಲೆ ಸುಯ್ಯುತೆ ತನ್ನಣುಗನ
ತಲೆಗಿತ್ತುದು ತನ್ನ ಪೀಠಮಂ ತಲೆಯೊಂದೈ

ಸಂಚಾಲಕ: ಸೊಗಸು.

ಹಳೇಗರಡಿ: ಒಪ್ಪಿದೆ.

ಮಲೆನಾಡಿಗ: ಆ ಮಗನಿಗೋಸ್ಕರಾನೇ ಮಾಂಟ್ರೋಸ್ 1650ರಲ್ಲಿ ವಾಪಸ್ ಬಂದು ಕಾರ್ಬಿಸ್‌ಡೇಲಲ್ಲಿ ಸೋತು ಸಿಕ್ಕಿಬಿದ್ದಿದ್ದು. ಆ ರಾಜ ಅವನನ್ನ ಕೈಬಿಟ್ಟು ಅವನ ವೈರಿಗಳ ಜೊತೇನೇ ರಾಜಿ ಮಾಡ್ಕೊಂಡ, ಅದು ನೆನೆದ್ರೆ ಹೊಟ್ಟೆ ಉರಿಯುತ್ತೆ. ಆದ್ರೂ ತುಂಗಾತೀರ ಅವ್ರೇ, "ವೀರಂ" ಅಂತ ಬರೀ ಹೊಗಳಿಕೆ ಯಾಕೆ? 1644ರಲ್ಲಿ ಅವನ ಸೈನ್ಯ ಅಬರ್ಡೀನ್ ಊರನ್ನ ಲೂಟಿ ಹೊಡೀತು, ಊರವರನ್ನೂ ಕೊಂದ್ರು.

ತುಂಗಾತೀರ: ಅಬರ್ಡೀನ್ ಕಳಂಕಾನೇ, ಇಲ್ಲ ಅನ್ನಲ್ಲ. ಆದ್ರೆ ಇನ್ವರ್ಲಾಖಿ ಕಾಳಗಕ್ಕೆ ಚಳಿಗಾಲದಲ್ಲಿ ಹಿಮದ ಬೆಟ್ಟ ಹತ್ತಿಳಿದು ಬಂದು ಆರ್ಗೈಲ್ ದಂಡನ್ನ ಮುರಿದವನನ್ನ ಇನ್ನೇನಂತ ಕರೀಲಿ? ಆ ಪದ ತೆಗೆಯಲ್ಲ. ಮೂರನೇ ಸಾಲು ಮಾತ್ರ ಬದಲಾಯಿಸ್ತೀನಿ:

ನೆಲಕಿಳಿಯಲ್ಕಾರ್ಗೈಲನ

ಹಳೇಗರಡಿ: ಹಾಂ. ಈಗ "ಆರ್ಗೈಲನ" ಅನ್ನೋ ಷಷ್ಠಿ ನೇರ ಕೆಳಗಿನ "ತಲೆಗೆ" ಹೋಗಿ ಕೂತ್ಕೊಳ್ತು ನೋಡಿ. ರಳ ಹಿಡಿದು ಎಳೆದಿದ್ದಕ್ಕೇ ಇದು ಬಂತು.

ಮಲೆನಾಡಿಗ: "ವೀರಂ" ನಾನಿನ್ನೂ ಒಪ್ಪಿಲ್ಲ.