ಹತ್ತು ಸಾವಿರ ರೂಪಾಯಿ, ಒಂದು ಹಳೆಯ ಲ್ಯಾಪ್‌ಟಾಪ್: ನೀವು ಕೊಂಡದ್ದರಲ್ಲಿ ಇಂದಿಗೂ ಬಳಕೆಯಲ್ಲಿರುವುದು ಯಾವುದು?

ಮಂಡ್ಯದ ಲೆಕ್ಕಿಗ (ಕೇಳಿದ್ದು)

ಮಂಡ್ಯದ ಬಳಿಯ ಹಳ್ಳಿಯವನು ನಾನು. ಬಿ.ಕಾಂ. ಮುಗಿಸಿ ಮೈಸೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ದಿನವೂ ರೈಲಿನಲ್ಲಿ ಹೋಗಿಬರುತ್ತೇನೆ. ಎಂಜಿನಿಯರಿಂಗ್ ಓದಿದವನಲ್ಲ. ಆದರೆ ರೈಲಿನಲ್ಲಿ ಕೂತು ನೋಡುವುದೆಲ್ಲ ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಆರ್ಡುಯಿನೊ (ಸೆನ್ಸರ್, ಮೋಟರ್ ನಡೆಸುವ ಪುಟ್ಟ ಬೋರ್ಡ್), ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ತಂತ್ರಾಂಶ) ವಿಡಿಯೊಗಳೇ. ಈ ಬಾರಿ ಹತ್ತು ಸಾವಿರ ರೂಪಾಯಿ ಕೈಯಲ್ಲಿ ಉಳಿದಿದೆ. ಮನೆಯಲ್ಲಿ 2014ರ ಲ್ಯಾಪ್‌ಟಾಪ್ ಇದೆ: 4 ಜಿಬಿ ರ್ಯಾಮ್, ಹಳೆಯ ಹಾರ್ಡ್ ಡಿಸ್ಕ್. ಗುಂಡಿ ಒತ್ತಿ ಸ್ನಾನ ಮುಗಿಸಿ ಬಂದರೂ ಅದು ಇನ್ನೂ ತೆರೆದುಕೊಳ್ಳುತ್ತಲೇ ಇರುತ್ತದೆ. ಅಪ್ಪನಿಗೆ ಎರಡು ಎಕರೆ ಕಬ್ಬು, ಒಂದು ಕೊಳವೆಬಾವಿ.

ಆಸೆಯ ಪಟ್ಟಿಯಲ್ಲಿ ಪೈ 5, ತ್ರೀಡಿ ಪ್ರಿಂಟರ್, ಮಾತಾಡಿಸಿದರೆ ಉರಿಯುವ ಬಲ್ಬು, ಎಲ್ಲವೂ ಇವೆ. "ಮೂರು ತಿಂಗಳಿಗೆ ಅಟ್ಟ ಸೇರುವ ಸಾಮಾನು" ಎಂದು ಅಮ್ಮ ಈಗಲೇ ತೀರ್ಪು ಕೊಟ್ಟಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ. ಯಾವುದು ಒಳ್ಳೆಯದು ಎಂದಲ್ಲ, ನೀವು ಕೊಂಡದ್ದರಲ್ಲಿ, ಮಾಡಿದ್ದರಲ್ಲಿ ಯಾವುದು ಇನ್ನೂ ಕೆಲಸ ಮಾಡುತ್ತಿದೆ?

ಬೆಸುಗೆಕಡ್ಡಿ, ಹೆಬ್ಬಾಳ, ಮೈಸೂರು

ಪೈ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬೋರ್ಡಿನ ಬೆಲೆಯಷ್ಟನ್ನೇ ನೋಡಿ ನಾನೂ ಏಮಾರಿದೆ. ಪೈ 5ಕ್ಕೆ 5 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಬೇಕು, ಮೈಕ್ರೊ ಎಚ್‌ಡಿಎಂಐ ಕೇಬಲ್ ಬೇಕು, ಫ್ಯಾನ್ ಬೇಕು, ಡಬ್ಬಿ ಬೇಕು, ಮೆಮೊರಿ ಕಾರ್ಡ್ ಬೇಕು. ಮದುವೆಗಿಂತ ಬೀಗರ ಉಪಚಾರವೇ ದುಬಾರಿ ಎಂಬಂತೆ. ಮೊದಲು ನನ್ನಲ್ಲಿದ್ದ ಪೈ 4ರಲ್ಲಿ ಕರೆಂಟ್ ಹೋಗಿ ಬಂದು ಎರಡು ಕಾರ್ಡ್ ಕೆಟ್ಟವು. ನಿಮ್ಮ ಲ್ಯಾಪ್‌ಟಾಪಿಗಾದರೆ ಹುಟ್ಟಿನಿಂದಲೇ ಯುಪಿಎಸ್ ಇದೆ, ಅದರ ಬ್ಯಾಟರಿ. ಅದು ಉಬ್ಬಿದೆಯೇ ಎಂದು ಮಾತ್ರ ಮೊದಲು ತೆಗೆದು ನೋಡಿ. ಉಬ್ಬಿದ್ದರೆ ಮರುಮಾತಿಲ್ಲದೆ ಹೊರಹಾಕಿ.

ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ಬಹಳ ವೇಗದ ಎಸ್‌ಎಸ್‌ಡಿ ಹಾಕಿಸಿ, ರ್ಯಾಮ್ 8 ಜಿಬಿ ಮಾಡಿಸಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು, ಅಷ್ಟು ಹಳೆಯ ಯಂತ್ರ ವಿಂಡೋಸ್ 11ರ ಷರತ್ತುಗಳಿಗೆ ಒಗ್ಗುವುದೂ ಇಲ್ಲ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿ. ನನ್ನ ಮನೆಯಲ್ಲಿ ಇಂಥದ್ದೇ ಒಂದು ಮುದಿ ಲ್ಯಾಪ್‌ಟಾಪ್ ಮೂರು ವರ್ಷದಿಂದ ಅಲಮಾರಿನ ಮೇಲೆ ಮುಚ್ಚಿಕೊಂಡು ಕೂತಿದೆ. ಫೋಟೊ ಕಾಯುತ್ತದೆ, ಚಲನಚಿತ್ರ ತೋರಿಸುತ್ತದೆ, ಪೈ-ಹೋಲ್ ಎಂಬ ತಂತ್ರಾಂಶ ಹಾಕಿರುವುದರಿಂದ ಮನೆಯ ಎಲ್ಲ ಮೊಬೈಲುಗಳಿಗೂ ಜಾಹೀರಾತು ತಡೆಯುತ್ತದೆ. ಯೂಟ್ಯೂಬ್ ಜಾಹೀರಾತು ಮಾತ್ರ ನಿಲ್ಲುವುದಿಲ್ಲ. ವಿಡಿಯೊ ಬರುವ ಬಾಗಿಲಿನಿಂದಲೇ ಅದೂ ಬರುತ್ತದೆ, ಬಾಗಿಲು ಮುಚ್ಚಿದರೆ ಎರಡೂ ಹೋದವು.

ತಂತಿ, ಸೆನ್ಸರ್ ಜೊತೆ ಆಡಬೇಕೆಂದರೆ ಅವನ್ನು ನಡೆಸುವ ಪುಟ್ಟ ಬೋರ್ಡ್ ಇಎಸ್‌ಪಿ32 ಕೊಳ್ಳಿ. ವೈ-ಫೈ ಒಳಗೇ ಇದೆ, ನಾನು ಕೊಂಡಾಗ ಐನೂರು ರೂಪಾಯಿಯ ಒಳಗೆ ಬಂತು. ಸುಟ್ಟರೂ ಎದೆ ಒಡೆಯುವುದಿಲ್ಲ. ನಾನು ಈವರೆಗೆ ನಾಲ್ಕು ಸುಟ್ಟಿದ್ದೇನೆ.

ಮಹಡಿ ಟ್ಯಾಂಕ್, ಕುವೆಂಪುನಗರ

ನನ್ನದು ನೀರಿನ ಟ್ಯಾಂಕಿನ ಮಟ್ಟ ಅಳೆಯುವ ಪ್ರಾಜೆಕ್ಟ್. ಎಲ್ಲರೂ ಮಾಡುವುದೇ, ಆದರೆ ಎಲ್ಲರೂ ಹೇಳದ ಕೆಲವು ಸಂಗತಿಗಳಿವೆ.

ಮೊದಲು ಎಚ್‌ಸಿ-ಎಸ್‌ಆರ್04 ಎಂಬ ಸೆನ್ಸರ್ ತಂದೆ. ಕೇಳಿಸದ ಶಬ್ದವನ್ನು ಕೆಳಗೆ ಬಿಟ್ಟು, ಅದು ನೀರಿಗೆ ಬಡಿದು ಮರಳಲು ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕುತ್ತದೆ. ಒಂದು ಸೆಂಟಿಮೀಟರಿಗೆ ಹೋಗಿಬರಲು ಸುಮಾರು 58 ಮೈಕ್ರೊಸೆಕೆಂಡ್. ಅದು ಮರಳಿ ಕೊಡುವ ಸಂಕೇತ 5 ವೋಲ್ಟಿನದು, ಇಎಸ್‌ಪಿ32 ತಾಳುವುದು 3.3. ನಡುವೆ 1 ಕಿಲೊಓಮ್, 2 ಕಿಲೊಓಮ್‌ನ ಎರಡು ರೆಸಿಸ್ಟರ್ ಹಾಕಿ ಇಳಿಸಬೇಕು. ಬೆಸುಗೆಕಡ್ಡಿಯವರು ಸುಟ್ಟ ನಾಲ್ಕರಲ್ಲಿ ಒಂದಾದರೂ ಹೀಗೇ ಹೋಗಿರಬೇಕು ಎಂದು ನನ್ನ ಗುಮಾನಿ. ಐದೇ ತಿಂಗಳಲ್ಲಿ ಟ್ಯಾಂಕಿನ ಹಬೆಗೆ ಆ ಸೆನ್ಸರ್ ತುಕ್ಕು ಹಿಡಿಯಿತು.

ಬಳಿಕ ನೀರು ತಾಗದ ಜೆಎಸ್‌ಎನ್ ಮಾದರಿ ತಂದೆ. ಅದಕ್ಕೆ ತೀರ ಹತ್ತಿರದ್ದು ಕಾಣದು. ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರಿನ ಒಳಗೆ ನೀರು ಬಂದರೆ ಬಾಯಿಗೆ ಬಂದದ್ದು ಹೇಳುತ್ತದೆ. ಟ್ಯಾಂಕ್ ತುಂಬಿ ಪಕ್ಕದ ಮನೆಯ ತುಳಸಿಕಟ್ಟೆಯ ಮೇಲೆ ನೀರು ಸುರಿಯುತ್ತಿರುವಾಗ ನನ್ನ ಮೊಬೈಲ್ "ಅರ್ಧ ಇದೆ" ಎನ್ನುತ್ತಿತ್ತು. ಮುಚ್ಚಳದ ಮೇಲೆ ಒಂದು ಅಡಿ ಪಿವಿಸಿ ಪೈಪ್ ನಿಲ್ಲಿಸಿ ಅದರ ತುದಿಗೆ ಸೆನ್ಸರ್ ಕೂರಿಸಿದ ಮೇಲೆ ಸರಿಯಾಯಿತು.

ಹೋಮ್ ಅಸಿಸ್ಟೆಂಟ್ ತಂತ್ರಾಂಶದಲ್ಲಿ ಬಣ್ಣದ ನಕ್ಷೆ ಮಾಡಿ ಹೆಂಡತಿಗೆ ತೋರಿಸಿದೆ. "ನೀರಿದೆಯೋ ಇಲ್ಲವೋ ಹೇಳಿ" ಎಂದಳು. ಈಗ ಅಡುಗೆಮನೆಯ ಗೋಡೆಯಲ್ಲಿ ಒಂದು ಹಸಿರು, ಒಂದು ಕೆಂಪು ಎಲ್‌ಇಡಿ ಇವೆ. ಮನೆಯವರೆಲ್ಲ ನೋಡುವುದು ಅದನ್ನೇ. ನಕ್ಷೆ ಉಪಯೋಗಕ್ಕೆ ಬಂದದ್ದು ಒಂದೇ ಸಲ. ಎಲ್ಲರೂ ಮಲಗಿದ ಮೇಲೂ ಗೆರೆ ಮೆಲ್ಲಗೆ ಇಳಿಯುತ್ತಿತ್ತು. ಹುಡುಕಿದರೆ ಮೇಲಿನ ಶೌಚಾಲಯದ ಫ್ಲಶ್ ಸೋರುತ್ತಿತ್ತು. ಅದನ್ನು ನಮ್ಮಲ್ಲಿ ಯಾರೂ ಕಿವಿಯಿಂದ ಹಿಡಿದಿರಲಿಲ್ಲ.

ಅಟ್ಟದ ಒಡೆಯ, ಮಂಡ್ಯ

ನಿಮ್ಮ ಅಮ್ಮ ಹೇಳಿದ್ದು ನಿಜ. ತ್ರೀಡಿ ಪ್ರಿಂಟರ್ ನಮ್ಮ ಅಟ್ಟದಲ್ಲಿದೆ, ಹಳೆಯ ಗೊಂಬೆಹಬ್ಬದ ಪೆಟ್ಟಿಗೆಯ ಪಕ್ಕ. ಅದರಲ್ಲಿ ಮಾಡಿದ್ದು ಮೊಬೈಲ್ ಇಡುವ ಸ್ಟ್ಯಾಂಡ್ ಏಳು, ಗಣಪತಿ ಒಂದು. ಗಣಪತಿಯ ಸೊಂಡಿಲು ಅರ್ಧಕ್ಕೇ ನಿಂತಿತು. ಮಾತಿಗೆ ಉರಿಯುವ ಬಲ್ಬನ್ನು ಅಪ್ಪ ಗೋಡೆಯ ಸ್ವಿಚ್ಚಿನಲ್ಲೇ ಆರಿಸುತ್ತಾರೆ, ಆಮೇಲೆ ಯಾರು ಕೂಗಿದರೂ ಅದು ಉರಿಯುವುದಿಲ್ಲ. ಟ್ಯಾಂಕಿನವರಿಗೆ ಒಂದು ಮಾತು: ಇನ್ನೂರು ಮುನ್ನೂರು ರೂಪಾಯಿಗೆ, ನೀರು ತುಂಬಿದರೆ ತಾನೇ ಮೋಟರ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಸಿಗುತ್ತದೆ.

ಮಹಡಿ ಟ್ಯಾಂಕ್, ಕುವೆಂಪುನಗರ

ಸಿಗುತ್ತದೆ. ಅದು ಫ್ಲಶ್ ಸೋರುವುದನ್ನು ಹೇಳುವುದಿಲ್ಲ.

ನಾಲೆ ಬದಿ, ಪಾಂಡವಪುರ

ಕಬ್ಬು ಎಂದಿರಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ನಾನೂ ಮಣ್ಣಿನ ತೇವ ಅಳೆಯಲು ಹೊರಟವನು.

ಅಗ್ಗದ ಎರಡು ಮೊಳೆಯ ಸೆನ್ಸರ್ ಕೊಳ್ಳಲೇಬೇಡಿ. ಮಣ್ಣಿನಲ್ಲಿ ಕರೆಂಟ್ ಹರಿದು ಅದರ ಲೋಹ ಕೆಲವೇ ವಾರದಲ್ಲಿ ಸವೆದುಹೋಗುತ್ತದೆ. ಕೆಪಾಸಿಟಿವ್ ಮಾದರಿ ತಂದು, ಅದರ ತಲೆಯ ಕಡೆ ತೆರೆದಿರುವ ಬಿಡಿಭಾಗಗಳಿಗೆ ಉಗುರುಬಣ್ಣ ಬಳಿಯಿರಿ (ತಂಗಿಯನ್ನು ಕೇಳಿಯೇ ಬಳಿಯಿರಿ). ಇಎಸ್‌ಪಿ32ರ 27ನೆಯ ಪಿನ್ನಿಗೆ ಜೋಡಿಸಿ ಎರಡು ರಾತ್ರಿ ಹಾಳುಮಾಡಿಕೊಂಡೆ. ವೈ-ಫೈ ಇಲ್ಲದಾಗ ಸರಿಯಾದ ಅಂಕಿ, ವೈ-ಫೈ ಹಿಡಿದ ಕೂಡಲೇ ಮೌನ. ವೋಲ್ಟೇಜ್ ಅಳೆಯುವ ಪಿನ್ನುಗಳಲ್ಲಿ ಆ ಪಿನ್ನು ಎಡಿಸಿ2 ಎಂಬ ಗುಂಪಿನದು, ವೈ-ಫೈ ನಡೆಯುವಾಗ ಆ ಗುಂಪು ಅಳೆಯುವುದಿಲ್ಲ. 34ಕ್ಕೆ ಬದಲಿಸಿದೆ, ಮುಗಿಯಿತು.

ಆದರೆ ಕಬ್ಬು ಆಳೆತ್ತರ ಬಂದ ಮೇಲೆ ವೈ-ಫೈ ಗದ್ದೆ ದಾಟಲಿಲ್ಲ. ಎಲೆಯಲ್ಲಿರುವ ನೀರೇ ಅದನ್ನು ಕುಡಿದುಬಿಡುತ್ತದೆ. ಸಿಮ್ ಹಾಕಿ ಮೊಬೈಲ್ ಜಾಲದಲ್ಲಿ ಸಂದೇಶ ಕಳುಹಿಸುವ ಸಿಮ್800ಎಲ್ ಬೋರ್ಡ್ ತಂದೆ. ಅದು 2ಜಿ ಮಾತ್ರ ಬಲ್ಲದು, ನನ್ನಲ್ಲಿದ್ದದ್ದು ಜಿಯೊ ಸಿಮ್, ಅದರಲ್ಲಿ 2ಜಿಯೇ ಇಲ್ಲ. ಸಿಮ್ ಬದಲಿಸಿದರೆ ಇನ್ನೊಂದು ತಕರಾರು: ಸಂದೇಶ ಕಳುಹಿಸುವ ಕ್ಷಣದಲ್ಲಿ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ, ನನ್ನ ಅಡಾಪ್ಟರ್ ಅಲ್ಲೇ ಕೈಚೆಲ್ಲುತ್ತಿತ್ತು. ಕೊನೆಗೆ, ಸಣ್ಣ ಸಂದೇಶಗಳನ್ನು ದೂರಕ್ಕೆ ಕಳುಹಿಸುವ ಲೋರಾ ರೇಡಿಯೊ ಹಾಕಿದೆ. ಕೊಳ್ಳುವಾಗ ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 865–868 ಮೆಗಾಹರ್ಟ್ಸ್‌ನದೇ ಎಂದು ನೋಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಅಪ್ಪ ಗದ್ದೆಗಿಳಿದು, ಬೆರಳಿನಲ್ಲಿ ಮಣ್ಣು ಉಂಡೆಕಟ್ಟಿ ನೋಡಿ, "ನಾಡಿದ್ದು ನೀರು ಕಟ್ಟಿದರೆ ಸಾಕು" ಎಂದರು. ಸೆನ್ಸರ್ ಹೇಳಿದ್ದೂ ಅದನ್ನೇ. ಅವರಿಗೆ ಗೊತ್ತಿದ್ದದ್ದನ್ನೇ ಅವರಿಗೆ ಹೇಳಲು ನಾಲ್ಕು ತಿಂಗಳು ಹೆಣಗಿದ್ದೆ. "ಬಾವಿಮನೆಗೆ ತ್ರೀ ಫೇಸ್ ಯಾವಾಗ ಬಂತು ಎಂದು ಹೇಳುವಂಥದ್ದು ಮಾಡಪ್ಪ" ಎಂದರು. ಪಂಪು ಓಡಲು ಬೇಕಾದ ಆ ಕರೆಂಟ್ ಬಂದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ. ರಾತ್ರಿ ಎರಡಕ್ಕೂ ಬರುತ್ತದೆ, ನಾಲ್ಕಕ್ಕೂ ಬರುತ್ತದೆ.

ಅದೇ ಲೋರಾ, ಅದೇ ಇಎಸ್‌ಪಿ32. ಮೂರು ಫೇಸಿಗೂ ಒಂದೊಂದು ಹಳೆಯ ಮೊಬೈಲ್ ಚಾರ್ಜರ್ ಹಾಕಿಸಿದೆ. ಮೊದಲನೆಯದು ಇಎಸ್‌ಪಿಗೆ ಅನ್ನ ಹಾಕುತ್ತದೆ, ಉಳಿದೆರಡು ಬಂದಿವೆಯೇ ಎಂದು ಅದು ನೋಡುತ್ತದೆ. ಮೂರೂ ಇದ್ದರೆ ಮಾತ್ರ ಏಳುನೂರು ಮೀಟರ್ ಆಚೆ ಮನೆಯಲ್ಲಿ ಬಜರ್ ಕೂಗುತ್ತದೆ. ಚಾರ್ಜರಿನ ಆಚೆಯ ಕೆಲಸವನ್ನೆಲ್ಲ ಲೈನಿನವರೇ ಮಾಡಿದರು, ನಾನು ಮುಟ್ಟಿದ್ದು 5 ವೋಲ್ಟಿನ ಕಡೆ ಮಾತ್ರ. ನೀವೂ ಹಾಗೇ ಮಾಡಿ. ಆ ನೀಲಿ ರಿಲೇ ಬೋರ್ಡಿನಲ್ಲಿ 10 ಆಂಪಿಯರ್ ಎಂದು ಬರೆದಿದೆ ಎಂದು 5 ಎಚ್‌ಪಿ ಮೋಟರಿಗೆ ನೇರವಾಗಿ ಕೊಡಬೇಡಿ. ಹೊರಡುವಾಗ ಮೋಟರ್ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಮನೆಯಿಂದಲೇ ಮೋಟರ್ ಹಾಕಬೇಕೆಂದರೆ ಅಂಗಡಿಯ ಮೊಬೈಲ್ ಸ್ಟಾರ್ಟರ್ ಕೊಳ್ಳಿ, ಅದರಲ್ಲಿ ಜಾಣತನ ಬೇಡ.

ಡಬ್ಬಿಯ ತಂತಿ ಹೋಗುವ ತೂತನ್ನು ಮೇಣದಿಂದ ಮುಚ್ಚಿ. ಇಲ್ಲವಾದರೆ ಇರುವೆ ಗೂಡು ಕಟ್ಟುತ್ತದೆ. ಎರಡು ಸಲ ಕಟ್ಟಿದೆ.

ಒಗ್ಗರಣೆ, ಸರಸ್ವತಿಪುರಂ

ಬ್ಯಾಂಕಿನಿಂದ ನಿವೃತ್ತಳಾದವಳು ನಾನು. ನನಗೆ ಬೆಸುಗೆ ಬಾರದು. ನನ್ನ ಪ್ರಾಜೆಕ್ಟ್ ಅತ್ತೆಯವರ ಅಡುಗೆ ಪುಸ್ತಕ: ಇನ್ನೂರು ಪುಟ, ಶಾಯಿ ಮಾಸಿದ ಕೈಬರಹ. ಅಚ್ಚಿನ ಕನ್ನಡವನ್ನು ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಮಟ್ಟಸವಾಗಿ ಓದುತ್ತದೆ, 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಸಾಕು. ಒತ್ತಕ್ಷರಗಳಲ್ಲಿ ಎಡವುತ್ತದೆ, ಸೊನ್ನೆಯನ್ನೂ ಅನುಸ್ವಾರವನ್ನೂ ಅದಲುಬದಲು ಮಾಡುತ್ತದೆ. ಆದರೆ ಕೈಬರಹ ಅದರ ಕೈಲಾಗದು. ಹಾಗಾಗಿ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿದೆ, ಮೊಬೈಲಿನ ಕನ್ನಡ ಧ್ವನಿ ಟೈಪಿಂಗ್ ಬರೆದುಕೊಂಡಿತು. ಹೊಸ ಪದವೆಲ್ಲ ಸರಿ, ಹಳೆಯ ಅಳತೆಗಳಲ್ಲೇ ಫಜೀತಿ. "ಎರಡು ಪಾವು ಅಕ್ಕಿ" ಎಂದದ್ದು "ಎರಡು ಹಾವು ಅಕ್ಕಿ" ಆಯಿತು. ಎಂಟು ತಿಂಗಳು ಹಿಡಿಯಿತು. ಈಗ ಅಮೆರಿಕದಲ್ಲಿರುವ ಮಗಳು "ಕರಿಬೇವು" ಎಂದು ಹುಡುಕಿದರೆ ಮೂವತ್ತೆಂಟು ಕಡೆ ತೋರಿಸುತ್ತದೆ.

ಇನ್ನೊಂದು, ಯಜಮಾನರು 2004ರ ಸುಮಾರಿಗೆ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತಗಳು. ಆ ಕಾಲದ ಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಮನೆಯಲ್ಲಿ ಅಂಥ ಕಡತ ಇರುವವರು ಇಂದೇ ಬದಲಿಸಿಕೊಳ್ಳಿ. ಲಿನಕ್ಸ್‌ಗೆ ಹೋದರೆ ಕನ್ನಡ ಬರೆಯುವುದು ಹೇಗೆಂಬ ಚಿಂತೆ ಬೇಡಪ್ಪ. ಐಬಸ್‌ನಲ್ಲಿ (ಭಾಷೆಗಳ ಕೀಲಿಮಣೆ ನೋಡಿಕೊಳ್ಳುವ ತಂತ್ರಾಂಶ) ಎಂ17ಎನ್ ಎಂಬ ಕಟ್ಟು ಸೇರಿಸಿದರೆ ನುಡಿಯ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ.

ನೀವು ಲೆಕ್ಕಿಗರು. ತಂದೆಯವರ ಕಬ್ಬಿನ ತೂಕದ ಚೀಟಿ, ಗೊಬ್ಬರದ ಖರ್ಚು, ಕಟಾವಿನ ಕೂಲಿ, ಇವು ಎಲ್ಲಿವೆ? ಗೋಡೆಯ ಮೊಳೆಗೆ ಚುಚ್ಚಿರಬೇಕು. ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶಕ್ಕೆ ಕಾಸು ಬೇಕಿಲ್ಲ.

ಹಳೆಯ ರೇಡಿಯೊ, ಯಾದವಗಿರಿ

ತಮ್ಮ, ನನಗೆ ಎಪ್ಪತ್ತೊಂದು. ನಮ್ಮ ಮೈಸೂರಿನಲ್ಲಿ ಮನೆಯಲ್ಲಿ ಯಂತ್ರ ಹೂಡುವ ಹುಚ್ಚು ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವಾಟ್‌ನ ಪ್ರಸಾರಯಂತ್ರದಲ್ಲಿ ಬಾನುಲಿ ಶುರುಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊಗೆ ಬಂದದ್ದು ಆ ಹೆಸರೇ. ಅವರು ಕೂಡ ಎಂಜಿನಿಯರ್ ಅಲ್ಲ.

ನನ್ನ ಮೆಚ್ಚಿನ ಸಾಧನ ಆರ್‌ಟಿಎಲ್-ಎಸ್‌ಡಿಆರ್, ಕಂಪ್ಯೂಟರಿಗೆ ಚುಚ್ಚುವ, ಪೆನ್ ಡ್ರೈವಿನಷ್ಟು ದಪ್ಪದ ರೇಡಿಯೊ. ಲಿನಕ್ಸ್‌ನಲ್ಲಿ ಜಿಕ್ಯುಆರ್‌ಎಕ್ಸ್ ಎಂಬ ತಂತ್ರಾಂಶ ತೆರೆದರೆ ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್ ಪರದೆಯ ಮೇಲೆ ಬೆಟ್ಟದಂತೆ ಎದ್ದು ನಿಲ್ಲುತ್ತದೆ. ಕಿವಿಯಿಂದ ಕೇಳಿದ್ದನ್ನು ಕಣ್ಣಿನಿಂದ ನೋಡಲು ಎಪ್ಪತ್ತು ವರ್ಷ ಕಾಯಬೇಕಾಯಿತು. ಆಂಟೆನಾಗೆ ಸುಮಾರು 75 ಸೆಂಟಿಮೀಟರ್ ತಂತಿ ಸಾಕು, ಅದು ಆ ಅಲೆಯ ಕಾಲುಭಾಗ. ಕೇಳುವುದಷ್ಟೇ, ನಾವೂ ಬೇರೆ ಹವ್ಯಾಸಿಗಳೊಡನೆ ರೇಡಿಯೊದಲ್ಲಿ ಮಾತಾಡಬೇಕೆಂದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು.

ಇಲ್ಲಿ ಯಾರೂ ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಹೆಸರು ಎತ್ತಲಿಲ್ಲ. ನಾಚಿಕೆಯಾಗಬೇಕು. ಮೊದಲು ಅದನ್ನು ಕೊಳ್ಳಿ.

ಮಂಡ್ಯದ ಲೆಕ್ಕಿಗ

ಎಲ್ಲರಿಗೂ ವಂದನೆ. ಆರು ವಾರದ ವರದಿ ಇದು.

ಎಸ್‌ಎಸ್‌ಡಿ, ರ್ಯಾಮ್ ಹಾಕಿಸಿ ಮಿಂಟ್ ಹಾಕಿದೆ, ಈಗ ಚೊಂಬು ಹಿಡಿಯುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಮಲ್ಟಿಮೀಟರ್ ತಂದೆ, ಯಾದವಗಿರಿಯ ಹಿರಿಯರೇ. ಅದರಲ್ಲಿ ಮೊದಲು ಪತ್ತೆಯಾದದ್ದು ಅಮ್ಮನ ಮಿಕ್ಸಿಯ ತುಂಡಾಗಿದ್ದ ವೈರು. ಅಂದಿನಿಂದ ಅಟ್ಟದ ಮಾತು ನಿಂತಿದೆ. ಕಬ್ಬಿನ ಚೀಟಿಗಳು ಮೊಳೆಯಲ್ಲೇ ಇದ್ದವು ಮೇಡಂ, ನಾಲ್ಕು ವರ್ಷದವು. ಕ್ಯಾಲ್ಕ್‌ಗೆ ಏರಿಸಿದರೆ, ಎರಡನೆಯ ಕೂಳೆ ಬೆಳೆಯಲ್ಲಿ ಗೊಬ್ಬರ, ಕೂಲಿ ಕಳೆದು ಉಳಿದದ್ದು ಅಪ್ಪ ನೆನಪಿಟ್ಟುಕೊಂಡಿದ್ದಕ್ಕಿಂತ ಬಹಳ ಕಡಿಮೆ. ಅವರು ಚೀಟಿಗಳನ್ನು ಎರಡು ಸಲ ಎಣಿಸಿದರು.

ಇಎಸ್‌ಪಿ32 ಎರಡು, ಲೋರಾ ಒಂದು ಜೊತೆ ತರಿಸಿದ್ದೇನೆ. ಇನ್ನೂ ಎರಡೂವರೆ ಸಾವಿರ ಕೈಯಲ್ಲಿದೆ. ಪಾಂಡವಪುರದ ಅಣ್ಣನವರ ಬಜರ್ ಮೇಜಿನ ಮೇಲೆ ಕೂಗುತ್ತಿದೆ, ಭಾನುವಾರ ಲೈನಿನವರು ಬಂದು ಚಾರ್ಜರ್ ಹಾಕುತ್ತಾರೆ. ನಿನ್ನೆ ಅಪ್ಪನಿಗೆ ಕೂಗಿಸಿ ತೋರಿಸಿ, ಮಂಚದ ತಲೆದಿಂಬಿನ ಕಡೆ ಹೊಡೆಯಲೇ ಎಂದೆ. ಕೇಳಿಸಿಕೊಂಡರು. "ಒಳ್ಳೆಯದೇ ಮಾಡಿದ್ದೀಯ. ನನ್ನ ಮಂಚಕ್ಕೇಕೆ? ನಿನ್ನ ಮಂಚಕ್ಕೆ ಹೊಡೆ" ಎಂದು ಮಗ್ಗುಲು ಬದಲಿಸಿದರು.