ಉದ್ಯಾನ ಮತ್ತು ಮನರಂಜನಾ ನಿರ್ವಹಣೆ ಓದಲು ಮಗಳನ್ನು ಅಮೆರಿಕಕ್ಕೆ ಕಳುಹಿಸಬಹುದೇ? ಅನುಭವವಿದ್ದವರು ತಿಳಿಸಿ

ಹಾಸನದ ಮೇಷ್ಟ್ರು:
ಮಗಳು ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರದ ಬಿ.ಎಸ್ಸಿ. ಮುಗಿಸಿದ್ದಾಳೆ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಉದ್ಯಾನ ಮತ್ತು ಮನರಂಜನಾ ನಿರ್ವಹಣೆಯ ಎಂ.ಎಸ್.ಗೆ ಸೀಟು ಸಿಕ್ಕಿದೆ. ಮೊದಲ ಸೆಮಿಸ್ಟರಿನ ಶುಲ್ಕ ನಾವೇ ಕಟ್ಟಬೇಕು. ಎರಡನೆಯದರಿಂದ ಬೋಧನಾ ಸಹಾಯಕಿಯ ಕೆಲಸ, ಜೊತೆಗೆ ಶುಲ್ಕ ಮನ್ನಾ ‘ಸಿಗಬಹುದು’ ಎಂದು ಪ್ರಾಧ್ಯಾಪಕರು ಬರೆದಿದ್ದಾರೆ. ನನ್ನ ನಿವೃತ್ತಿಗೆ ಮೂರೇ ವರ್ಷ. ಆ ‘ಸಿಗಬಹುದು’ ಎಂಬುದನ್ನು ಎಷ್ಟು ನಂಬಬಹುದು?

ಒಂಟಿಕೊಪ್ಪಲು ಹುಡುಗಿ:
ಸರ್, ಇದನ್ನೇ ಓದಿ ಕೈ ಸುಟ್ಟುಕೊಂಡವಳು ನಾನು. 2021ರ ಆಗಸ್ಟಿನಲ್ಲಿ ಹೋದೆ, 2024ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಂದೆ. ಸಾಲಕ್ಕೆ ಅಡಮಾನ ಕೇಳಿದರು. ಅಪ್ಪ ಮೂರು ಎಕರೆಯ ಪಹಣಿ ಹಿಡಿದು ಹೋದರೆ ಕೃಷಿ ಭೂಮಿ ನಡೆಯುವುದಿಲ್ಲ ಎಂದರು. ಕೊನೆಗೆ ಅಜ್ಜಿಯ ಹೆಸರಿನ ಮನೆ ಇಟ್ಟೆವು. ಅದರ ಖಾತೆ ಬದಲಾವಣೆ, ಋಣಭಾರ ಪತ್ರ, ವಕೀಲರ ಅಭಿಪ್ರಾಯಕ್ಕೆ 6,000 ರೂಪಾಯಿ, ಮನೆಯ ಬೆಲೆ ಕಟ್ಟಲು ಬಂದವರಿಗೆ 4,500. ಒಟ್ಟು ಸಾಲ 27 ಲಕ್ಷ. ಹೋಗುವಾಗ ಡಾಲರಿಗೆ 74 ರೂಪಾಯಿ, ಕೊನೆಯ ಶುಲ್ಕ ಕಟ್ಟುವಾಗ 82. ಆ ಏರಿಕೆಯೊಂದೇ ಒಂದೂವರೆ ಲಕ್ಷ ನುಂಗಿತು.

ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ವಿಶ್ವವಿದ್ಯಾಲಯದ ವ್ಯಾಯಾಮಶಾಲೆಯಲ್ಲಿ ಟವೆಲ್ ಒಣಗಿಸಿ ಮಡಚುತ್ತಿದ್ದೆ, ಗಂಟೆಗೆ 10 ಡಾಲರ್. ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಎರಡು, ಅಂಚು ಒಳಗೆ. ಈಗಲೂ ಮನೆಯಲ್ಲಿ ಹಾಗೆಯೇ ಮಡಚುತ್ತೇನೆ, ಅಮ್ಮ ನೋಡಿ ಸುಮ್ಮನಾಗುತ್ತಾಳೆ. ಪದವಿಗೆ 400 ಗಂಟೆಗಳ ತರಬೇತಿ ಕಡ್ಡಾಯವಿತ್ತು, ನನಗೆ ಬಿಡಿಗಾಸೂ ಸಿಗಲಿಲ್ಲ. ಯೆಲ್ಲೋಸ್ಟೋನ್ ಉದ್ಯಾನದ ಚಿತ್ರ ಗೋಡೆಗೆ ಅಂಟಿಸಿಕೊಂಡು ಹೋದವಳಿಗೆ, ರಾಷ್ಟ್ರೀಯ ಉದ್ಯಾನದ ರೇಂಜರ್ ಆಗಲು ಆ ದೇಶದ ಪೌರತ್ವ ಬೇಕು ಎಂದು ತಿಳಿದದ್ದು ಅಲ್ಲಿ ಕಾಲಿಟ್ಟ ಮೇಲೆ. ಇನ್ನೊಂದು ಮಾತು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅರಣ್ಯಶಾಸ್ತ್ರ ಓದಿದವನಿಗೆ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ದೆಸೆಯಿಂದ ಮೂರು ವರ್ಷ ಕೆಲಸದ ಅನುಮತಿ ಸಿಕ್ಕಿತು. ನನ್ನ ಕೋರ್ಸ್ ಆ ಪಟ್ಟಿಯಲ್ಲಿರಲಿಲ್ಲ. ಹನ್ನೆರಡು ತಿಂಗಳು, ಅಷ್ಟೇ.

ಟೆಕ್ಸಾಸ್ ಕನ್ನಡತಿ:
ಅನುಭವ ಹೇಳುವುದು ಬೇರೆ, ಹೆದರಿಸುವುದು ಬೇರೆ. ಇದೇ ಪದವಿ ಪಡೆದು ಏಳು ವರ್ಷದಿಂದ ಒಂದು ನಗರದ ಉದ್ಯಾನ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿದ್ದೇನೆ. ಹನ್ನೊಂದು ಉದ್ಯಾನ, ಎರಡು ಈಜುಕೊಳ ನನ್ನ ಕೈಯಲ್ಲಿವೆ. ಉದ್ಯಾನ ವೃತ್ತಿಪರರ ಅರ್ಹತಾ ಪತ್ರವಾದ ಸಿಪಿಆರ್‌ಪಿ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಮತ್ತೆ ಶುಲ್ಕ ಕಟ್ಟಿ ಪಾಸಾದೆ. ಯಾರ ಹತ್ತಿರವೂ ಅಳಲಿಲ್ಲ. ಕೆಲಸವೆಂದರೆ ಹೂವಿನ ಮಡಿ ನೋಡುತ್ತ ಅಡ್ಡಾಡುವುದು ಎಂದುಕೊಳ್ಳಬೇಡಿ. ಜುಲೈ ಸೆಕೆಯಲ್ಲಿ ಮಗುವೊಂದು ಕೊಳದಲ್ಲಿ ಕಕ್ಕ ಮಾಡಿದರೆ ಎಲ್ಲರನ್ನೂ ಮೇಲೆ ಹತ್ತಿಸಬೇಕು. ಗಟ್ಟಿಯಾಗಿದ್ದರೆ ಕ್ಲೋರಿನ್ 2 ಪಿಪಿಎಂಗೆ (ಹತ್ತು ಲಕ್ಷಕ್ಕೆ ಎರಡು ಭಾಗ) ತಂದು ಮೂವತ್ತು ನಿಮಿಷ ಕಾಯಬೇಕು. ಭೇದಿಯಾಗಿದ್ದರೆ 20 ಪಿಪಿಎಂ, ಹನ್ನೆರಡು ಮುಕ್ಕಾಲು ಗಂಟೆ. ಟಿಕೆಟ್ ಹಣ ವಾಪಸ್ ಕೇಳುವವರ ಸಾಲು ಬೇರೆ. ನಮ್ಮ ಹುಡುಗರಿಗೆ ಕ್ರಿಕೆಟ್ ಆಡಲು ಮೈದಾನ ಬೇಕಾದಾಗ, ಬೇಸ್‌ಬಾಲ್ ಮಕ್ಕಳ ತಂದೆತಾಯಿಯರ ಎದುರು ನಿಂತು ವಾದಿಸಿ ಭಾನುವಾರ ಸಂಜೆಯ ಸಮಯ ಕೊಡಿಸಿದವಳು ನಾನೇ.

ಒಂಟಿಕೊಪ್ಪಲು ಹುಡುಗಿ:
ಮೇಡಂ, ಯಾವ ವೀಸಾದ ಮೇಲೆ ಕೆಲಸಕ್ಕೆ ಸೇರಿದಿರಿ ಎಂಬುದನ್ನೂ ಬರೆಯಿರಿ.

ಟೆಕ್ಸಾಸ್ ಕನ್ನಡತಿ:
ಎಚ್-4, ಅಂದರೆ ಸಂಗಾತಿಯ ವೀಸಾ. ಯಜಮಾನರ ಎಚ್-1ಬಿ ಉದ್ಯೋಗ ವೀಸಾದ ಮೇಲೆ. ಅದರಲ್ಲಿ ನಾಚಿಕೆ ಏನಿದೆ? ಕೆಲಸದ ಅನುಮತಿ ಪತ್ರದ ನವೀಕರಣ ತಡವಾಗಿ ನಾಲ್ಕು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕೂತಿದ್ದೆ. ಅದನ್ನು ನೀವು ಕೇಳಲಿಲ್ಲ.

ಶಿರಸಿ ಕಸಿಗಾರ:
ಅರಣ್ಯಶಾಸ್ತ್ರ ಓದಿದ ಹುಡುಗಿ ಟವೆಲ್ ಮಡಚಲು ಏಕೆ ಹೋಗಬೇಕು? ನಾನು ಶಿರಸಿ ಅರಣ್ಯ ಮಹಾವಿದ್ಯಾಲಯದವನು. ವಲಯ ಅರಣ್ಯಾಧಿಕಾರಿ ಹುದ್ದೆ ನಂಬಿ ಆರು ವರ್ಷ ಕಳೆದುಕೊಂಡೆ, ಅರಣ್ಯ ಪದವೀಧರರ ಮೀಸಲಾತಿಗಾಗಿ ಮಳೆಯಲ್ಲಿ ಧರಣಿಯನ್ನೂ ಕೂತೆ. ಈಗ ಎರಡು ಎಕರೆಯಲ್ಲಿ ಸಸ್ಯಕ್ಷೇತ್ರ ಇಟ್ಟುಕೊಂಡಿದ್ದೇನೆ. ಮೊದಲ ವರ್ಷ ಕಟ್ಟಿದ 900 ಅಪ್ಪೆಮಿಡಿ ಕಸಿಗಳಲ್ಲಿ 610 ಒಣಗಿದವು. ಕಡ್ಡಿ ಕೊಯ್ದು ತಂದವನು ಎರಡು ದಿನ ಬಿಸಿಲಲ್ಲಿಟ್ಟಿದ್ದ. ಒಂದೊಂದಕ್ಕೆ 32 ರೂಪಾಯಿ ಖರ್ಚು, ಗುಣಿಸಿ ನೋಡಿ. ಆದರೂ ಸ್ವಂತ ನೆಲದಲ್ಲಿದ್ದೇನೆ.

ಕಿಗ್ಗಟ್ಟುನಾಡಿನವ:
ಧರಣಿ ಕೂತದ್ದು ಶಿರಸಿಯವರು ಮಾತ್ರವೇ? ಪೊನ್ನಂಪೇಟೆಯ ನಾವು ಕೊಡಗಿನ ಮಳೆಯಲ್ಲಿ ಕೂತಿದ್ದೆವು. ನಿಮ್ಮದು ಅದರ ಮುಂದೆ ತುಂತುರು.

ಶಿರಸಿ ಕಸಿಗಾರ:
ನಿಮ್ಮಲ್ಲಿ ಶಾಮಿಯಾನ ಇತ್ತು. ಫೋಟೊ ನೋಡಿದ್ದೇನೆ.

ಜಯನಗರದ ಮುಂಜಾನೆ ನಡಿಗೆ:
ಮನರಂಜನೆಗೂ ಒಂದು ಪದವಿಯೇ? ಲಾಲ್‌ಬಾಗನ್ನು ಬೆಳೆಸಿದ ಜರ್ಮನಿಯ ಕ್ರುಂಬಿಗಲ್ ಲಂಡನ್ನಿನ ಕ್ಯೂ ಸಸ್ಯತೋಟದಲ್ಲಿ ಮಣ್ಣು ಮುಟ್ಟಿ ಬಂದವರು. ಗಿಡ ಗೊತ್ತಿದ್ದರೆ ಸಾಕು. 2024ರಲ್ಲಿ ಬೆಂಗಳೂರಿನ ಪಾಲಿಕೆ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಹೇಳಿದ ಮೇಲೆ ನಮ್ಮ ಬಡಾವಣೆಯ ಹುಲ್ಲುಹಾಸು ನೋಡುವಂತಿಲ್ಲ. ಮಧ್ಯಾಹ್ನ ಬೀಗ ಹಾಕುತ್ತಿದ್ದಾಗ ಅಚ್ಚುಕಟ್ಟಾಗಿತ್ತು.

ಒಂಟಿಕೊಪ್ಪಲು ಹುಡುಗಿ:
ಬೀಗ ಹಾಕಿದರೆ ಹುಲ್ಲು ಚೆನ್ನಾಗಿಯೇ ಇರುತ್ತದೆ ಸ್ವಾಮಿ. ಮಧ್ಯಾಹ್ನ ಊಟದ ಡಬ್ಬಿ ಹಿಡಿದ ಆಟೊ ಚಾಲಕ ಎಲ್ಲಿಗೆ ಹೋಗಬೇಕು? ಜಾರುಬಂಡೆಯ ಪಕ್ಕದ ಕಂಬಿಗಳ ನಡುವಿನ ಸಂದು ಮೂರೂವರೆ ಇಂಚಿಗಿಂತ ಹೆಚ್ಚು, ಒಂಬತ್ತಕ್ಕಿಂತ ಕಡಿಮೆ ಇದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಹುದು. ಇದು ನಿಮ್ಮ ಗಿಡ ಬಲ್ಲವರಿಗೆ ಗೊತ್ತೇ? ನಮ್ಮ ಮನೆ ಎದುರಿನ ಉದ್ಯಾನದಲ್ಲಿ ಟೇಪು ಹಿಡಿದು ಅಳೆದೆ. ಐದು ಇಂಚು. ಅರ್ಜಿ ಕೊಟ್ಟು ಏಳು ತಿಂಗಳಾಯಿತು. ಕಂಬಿಗೆ ಹಸಿರು ಬಣ್ಣ ಬಳಿದು ಹೋಗಿದ್ದಾರೆ.

ಟೆಕ್ಸಾಸ್ ಕನ್ನಡತಿ:
ನೋಡಿ, ಓದು ದಂಡವಾಗಿಲ್ಲ ಎಂದು ನೀವೇ ಹೇಳುತ್ತಿದ್ದೀರಿ.

ಒಂಟಿಕೊಪ್ಪಲು ಹುಡುಗಿ:
ಕಂತು ನೀವು ಕಟ್ಟುತ್ತೀರಾ? ತಿಂಗಳಿಗೆ 34,200.

ಹಾಸನದ ಮೇಷ್ಟ್ರು:
ಎಲ್ಲರಿಗೂ ವಂದನೆಗಳು. ಶುಕ್ರವಾರದೊಳಗೆ 500 ಡಾಲರ್ ಮುಂಗಡ ಕಟ್ಟಬೇಕು. ಆ ‘ಸಿಗಬಹುದು’ ವಿಚಾರ…

ಒಂಟಿಕೊಪ್ಪಲು ಹುಡುಗಿ:
ನನಗೂ ಹಾಗೆಯೇ ಬರೆದಿದ್ದರು ಸರ್. ಆ ಪ್ರಾಧ್ಯಾಪಕರು ಚಳಿಗಾಲದಲ್ಲಿ ಬೇರೆ ಊರಿಗೆ ಹೋದರು, ಮಾತೂ ಅವರ ಜೊತೆ ಹೋಯಿತು. ವಿಭಾಗದಿಂದ ಸಹಿ ಇರುವ ಪತ್ರ ಕೇಳಿ.

ಟೆಕ್ಸಾಸ್ ಕನ್ನಡತಿ:
ನನಗೆ ಸಿಕ್ಕಿತ್ತು.

ಜಯನಗರದ ಮುಂಜಾನೆ ನಡಿಗೆ:
ಹುಲ್ಲುಹಾಸಿನ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.