ಬ್ರೌನ್ಸ್ ಡ್ರಾಫ್ಟ್: ನಮ್ಮ ಅದೃಷ್ಟ ಕೆಟ್ಟಿದೆಯಾ, ಆರಿಸುವವರಿಗೆ ಆರಿಸಲು ಬರುವುದಿಲ್ಲವಾ?

ಪ್ರಶ್ನೆ

ನಾನು ಕೆಲಸಕ್ಕೆಂದು ಕ್ಲೀವ್‌ಲ್ಯಾಂಡ್‌ಗೆ ಬಂದದ್ದು 1999ರಲ್ಲಿ. ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಬ್ರೌನ್ಸ್ ಊರಿಗೆ ವಾಪಸ್ ಬಂದದ್ದೂ ಅದೇ ವರ್ಷ. 1995ರ ಸೀಸನ್ ಮುಗಿದ ಮೇಲೆ ಹಳೆಯ ಮಾಲೀಕರು ತಂಡವನ್ನು ಬಾಲ್ಟಿಮೋರ್‌ಗೆ ಎತ್ತಿಕೊಂಡು ಹೋಗಿದ್ದರು. ಮೂರು ಸೀಸನ್ ಈ ಊರಿಗೆ ತಂಡವೇ ಇರಲಿಲ್ಲ. ಹಾಗಾಗಿ ಆ ವರ್ಷ ಆಫೀಸಿನಲ್ಲಿ ಎಲ್ಲಿ ನೋಡಿದರೂ ಕಿತ್ತಳೆ ಮತ್ತು ಕಂದು ಬಣ್ಣ. ನನಗೋ ಈ ಆಟದ ಗಂಧಗಾಳಿ ಇರಲಿಲ್ಲ. ಪಕ್ಕದ ಮೇಜಿನ ಹಿರಿಯರೊಬ್ಬರು ಕಾಗದದ ಮೇಲೆ ಗೆರೆ ಎಳೆದು, ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು ಎಂದು ಹೇಳಿಕೊಟ್ಟರು. ಮೊದಲ ಪಂದ್ಯ ಪಿಟ್ಸ್‌ಬರ್ಗ್ ವಿರುದ್ಧ. 43-0ರಲ್ಲಿ ಸೋತೆವು. "ಪರವಾಗಿಲ್ಲ, ಡ್ರಾಫ್ಟ್ ಇದೆಯಲ್ಲ" ಎಂದರು ಅವರು. ಆ ಮಾತನ್ನು ಆಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಅವರು ಹೇಳಿದ್ದು ಸರಿಯೇ. ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವುದು. ಕಳೆದ ಸೀಸನ್‌ನಲ್ಲಿ ಕೊನೆಗೆ ಬಂದ ತಂಡ ಮೊದಲು ಆರಿಸಬೇಕು, ಗೆದ್ದ ತಂಡ ಕೊನೆಗೆ. ಏಳು ಸುತ್ತು. ಸೋತವರು ಮೇಲೆ ಬರಲಿ ಎಂದೇ ಮಾಡಿದ ವ್ಯವಸ್ಥೆ ಇದು. ನಮಗಿಂತ ಹೆಚ್ಚು ಸಲ ಮೇಲಿನ ಸ್ಥಾನ ಸಿಕ್ಕ ತಂಡಗಳು ಕಡಿಮೆ. ಆದರೂ ನಾವು ಮೇಲೆ ಬರಲಿಲ್ಲ.

2000ದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಡ್ರಾಫ್ಟ್ ರಾತ್ರಿ ನಮ್ಮ ಸರದಿ ಬರುವ ಮೊದಲು ಎಡಗಡೆ ನನ್ನ ಆಯ್ಕೆ ಬರೆಯುತ್ತೇನೆ. ಅವರು ಆರಿಸಿದ ಮೇಲೆ ಬಲಗಡೆ ಅವರದ್ದು. ಆಮೇಲೆ ತಿದ್ದುವುದಿಲ್ಲ. ಹೋದ ವಾರ ಅದನ್ನು ಮೊದಲಿನಿಂದ ಓದಿದೆ. ಅದಕ್ಕೇ ಈ ಪ್ರಶ್ನೆ.

ಮೊದಲ ಪುಟದಲ್ಲೇ ಆರನೇ ಸುತ್ತಿನ 183ನೇ ಆಯ್ಕೆ ಇದೆ: ಸ್ಪರ್ಗನ್ ವಿನ್, ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಅದಾಗಿ 16 ಸ್ಥಾನ ಕಳೆದ ಮೇಲೆ, 199ರಲ್ಲಿ, ನ್ಯೂ ಇಂಗ್ಲೆಂಡ್ ತಂಡ ಮುಂದೆ ದಂತಕಥೆಯಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು ತೆಗೆದುಕೊಂಡಿತು. ಇದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಉಳಿದ ತಂಡಗಳೂ ಅವನನ್ನು ಬಿಟ್ಟಿದ್ದವು.

ಆದರೆ 2004? ಆರನೇ ಸ್ಥಾನದಲ್ಲಿ ಕೆಲನ್ ವಿನ್ಸ್‌ಲೋ. ಅದೂ ಒಂದೇ ಒಂದು ಸ್ಥಾನ ಮೇಲೇರಲು ಡೆಟ್ರಾಯ್ಟ್ ಜೊತೆ ಸರದಿ ಬದಲಿಸಿ, ನಮ್ಮ ಎರಡನೇ ಸುತ್ತಿನ ಆಯ್ಕೆಯನ್ನೂ ಅವರಿಗೆ ಕೊಟ್ಟು. ಕ್ವಾರ್ಟರ್‌ಬ್ಯಾಕ್ ಬೆನ್ ರಾತ್ಲಿಸ್‌ಬರ್ಗರ್ ನಮ್ಮ ಒಹಾಯೋದಲ್ಲೇ ಹುಟ್ಟಿ, ಒಹಾಯೋದ ಕಾಲೇಜಿಗೇ ಆಡಿದ ಹುಡುಗ. ಹನ್ನೊಂದನೇ ಸ್ಥಾನದಲ್ಲಿ ಪಿಟ್ಸ್‌ಬರ್ಗ್‌ಗೆ ಹೋದ. ಮುಂದೆ ವರ್ಷಕ್ಕೆ ಎರಡು ಸಲ ನಮ್ಮನ್ನೇ ಸೋಲಿಸಲು ಬರುತ್ತಿದ್ದ.

ಇನ್ನು 22 ಎಂಬ ಸಂಖ್ಯೆ. 2007ರಲ್ಲಿ ಬ್ರೇಡಿ ಕ್ವಿನ್, 2012ರಲ್ಲಿ ಬ್ರ್ಯಾಂಡನ್ ವೀಡನ್, 2014ರಲ್ಲಿ ಜಾನಿ ಮ್ಯಾಂಜೆಲ್. ಮೂವರೂ ಕ್ವಾರ್ಟರ್‌ಬ್ಯಾಕ್‌ಗಳು, ಮೂವರೂ 22ನೇ ಆಯ್ಕೆ, ಮೂವರೂ ನಿಲ್ಲಲಿಲ್ಲ. ವೀಡನ್‌ಗೆ ಆಗಲೇ 28 ವರ್ಷ. ಅದೇ 2012ರಲ್ಲಿ ಮೂರನೇ ಸುತ್ತಿನಲ್ಲಿ, 75ನೇ ಸ್ಥಾನದಲ್ಲಿ, ಮುಂದೆ ಮಿಂಚಿದ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಸಿಯಾಟಲ್‌ಗೆ ಹೋದ.

2014ರ ಮೇ ತಿಂಗಳ ಆ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಮೊದಲು ನಾಲ್ಕನೇ ಸ್ಥಾನ ಬಿಟ್ಟು ಕೆಳಗಿಳಿದು, ಮತ್ತೆ ಒಂದು ಸ್ಥಾನ ಮೇಲೇರಿ, ಎಂಟರಲ್ಲಿ ಜಸ್ಟಿನ್ ಗಿಲ್ಬರ್ಟ್. ಖಲೀಲ್ ಮ್ಯಾಕ್ ಐದರಲ್ಲೇ ಹೋಗಿಬಿಟ್ಟ. ಆರನ್ ಡೊನಾಲ್ಡ್ ಹದಿಮೂರರವರೆಗೂ ಇದ್ದ. ಇಬ್ಬರೂ ಮುಂದೆ ದೊಡ್ಡ ತಾರೆಗಳಾದರು. ಮ್ಯಾಂಜೆಲ್ ಹೆಸರು ಕೇಳಿದಾಗ ನನ್ನ ಮಗಳು ಸೋಫಾ ಮೇಲೆ ಹತ್ತಿ ಕುಣಿದಳು. ಅವಳಿಗಾಗ ಒಂಬತ್ತು ವರ್ಷ. ನಾನೂ ಕುಣಿಯಬೇಕು ಅಂದುಕೊಂಡೆ, ಆಗಲಿಲ್ಲ. ಎರಡು ಸೀಸನ್‌ನಲ್ಲಿ ಆ ಹುಡುಗ ಆರಂಭದಿಂದ ಆಡಿದ್ದು ಎಂಟೇ ಪಂದ್ಯ. ಅವನ ಕಷ್ಟಗಳು ಅವನಿಗೆ ಗೊತ್ತು, ಅದರ ಮಾತು ಇಲ್ಲಿ ಬೇಡ.

ಒಳ್ಳೆಯದನ್ನೂ ಹೇಳಲೇಬೇಕು. 2007ರಲ್ಲಿ ಮೂರನೇ ಆಯ್ಕೆ ಜೋ ಥಾಮಸ್. ಸತತ 10,363 ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಪ್ರತಿಯೊಂದು ಸಲ), ಒಂದೂ ತಪ್ಪಿಸದೆ. ಅಂಥವನು ಹನ್ನೊಂದು ಸೀಸನ್‌ನಲ್ಲಿ ಒಂದೇ ಒಂದು ಪ್ಲೇಆಫ್ ಪಂದ್ಯ ಆಡಲಿಲ್ಲ. ನನಗೆ ಅತಿ ಹೆಚ್ಚು ನೋವು ಕೊಡುವ ಸಾಲು ಅದು, ಮ್ಯಾಂಜೆಲ್ ಅಲ್ಲ.

ಈಗ ಮಗಳು ಕೇಳುತ್ತಾಳೆ: "ಇಪ್ಪತ್ತೈದು ವರ್ಷ ಬರೀ ಕೆಟ್ಟ ಅದೃಷ್ಟ ಇರೋಕೆ ಸಾಧ್ಯಾನಾ ಅಪ್ಪಾ?" ನನಗೆ ಉತ್ತರ ಹೊಳೆಯಲಿಲ್ಲ. ಆಟಗಾರನನ್ನು ಗುರುತಿಸಲು ಬರದಿರುವುದು ಬೇರೆ, ಗ್ರಹಚಾರ ಬೇರೆ ಅಲ್ವಾ? ಇವೆರಡನ್ನು ಬೇರೆ ಮಾಡಿ ನೋಡುವುದು ಹೇಗೆ? ತಿಳಿದವರು ಹೇಳಿ.

ಉತ್ತರ 1

ನಾನು ಆ್ಯಕ್ರನ್‌ನಲ್ಲಿದ್ದೇನೆ. ನಿಮ್ಮಷ್ಟೇ ವರ್ಷ ನೋಡಿದ್ದೇನೆ. ಮೊದಲು ಗಾಯಗೊಂಡವರನ್ನು ಪಟ್ಟಿಯಿಂದ ತೆಗೆಯಿರಿ. 2000ದ ಮೊದಲ ಆಯ್ಕೆ ಕೋರ್ಟ್ನಿ ಬ್ರೌನ್ ಕೆಟ್ಟ ಆಯ್ಕೆ ಆಗಿರಲಿಲ್ಲ. ಅವನ ಮೈ ಕೈಕೊಟ್ಟಿತು. 2021ರಲ್ಲಿ ಡ್ರಾಫ್ಟ್ ಕ್ಲೀವ್‌ಲ್ಯಾಂಡ್‌ನಲ್ಲೇ, ಸರೋವರದ ದಂಡೆಯಲ್ಲೇ ನಡೆಯಿತಲ್ಲ, ಆಗ 52ನೇ ಆಯ್ಕೆಯಾಗಿ ಬಂದ ಜೆರೆಮಾಯಾ ಒವುಸು-ಕೊರಮೊವಾ ಎಷ್ಟು ಚೆನ್ನಾಗಿ ಆಡುತ್ತಿದ್ದ! 2024ರ ಅಕ್ಟೋಬರ್‌ನಲ್ಲಿ ಕುತ್ತಿಗೆಗೆ ಪೆಟ್ಟು ಬಿತ್ತು. ಅದನ್ನು ಯಾರ ತಪ್ಪು ಅನ್ನುತ್ತೀರಿ?

ಟಿಮ್ ಕೌಚ್‌ನನ್ನೂ ತೆಗೆಯಿರಿ. 1999ರ ಮೊದಲ ಆಯ್ಕೆ ಅವನು. ಎದುರಾಳಿಗಳನ್ನು ತಡೆಯುವವರೇ ಇಲ್ಲದ ತಂಡದಲ್ಲಿ ನಿಲ್ಲಿಸಿದರು. ಮೊದಲ ಸೀಸನ್‌ನಲ್ಲೇ 56 ಸಲ ಅವನನ್ನು ಕೆಡವಿದರು. ಯಾರನ್ನು ಆರಿಸಿದ್ದರೂ ಅವನ ಗತಿ ಅದೇ ಆಗುತ್ತಿತ್ತು. ಅದು ಆಯ್ಕೆಯ ತಪ್ಪಲ್ಲ, ಸಾಕಿದ ರೀತಿಯ ತಪ್ಪು. ನಿಮ್ಮ ನೋಟ್‌ಬುಕ್‌ನಲ್ಲಿ ಅದಕ್ಕೊಂದು ಕಾಲಂ ಇದೆಯಾ?

ಉತ್ತರ 2

ನಾನು ಡೆಟ್ರಾಯ್ಟ್ ಲಯನ್ಸ್ ಕಡೆಯವನು. ನಿಮ್ಮ ಪ್ರಶ್ನೆ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಿಮ್ಮ 2017ರ 0-16 ಸೀಸನ್ (ಒಂದೂ ಗೆಲುವಿಲ್ಲ, 16 ಸೋಲು) ನಾವು 2008ರಲ್ಲೇ ಕಂಡಿದ್ದೆವು.

ನಮ್ಮದು ಬೇರೆ ಥರದ ರೋಗ. 2003ರಲ್ಲಿ ಎರಡನೇ ಸ್ಥಾನದಲ್ಲಿ ಚಾರ್ಲ್ಸ್ ರೋಜರ್ಸ್. 2004ರಲ್ಲಿ ಏಳನೇ ಸ್ಥಾನದಲ್ಲಿ ರಾಯ್ ವಿಲಿಯಮ್ಸ್. 2005ರಲ್ಲಿ ಹತ್ತನೇ ಸ್ಥಾನದಲ್ಲಿ ಮೈಕ್ ವಿಲಿಯಮ್ಸ್. ಮೂರೂ ವರ್ಷ ಮೊದಲ ಆಯ್ಕೆ ವೈಡ್ ರಿಸೀವರ್! ಮೈಕ್ ವಿಲಿಯಮ್ಸ್ ಆದ ಮರುಕ್ಷಣ, ಹನ್ನೊಂದರಲ್ಲಿ, ಡಲ್ಲಾಸ್ ತಂಡ ಮುಂದೆ ದೊಡ್ಡ ತಾರೆಯಾದ ಡಿಮಾರ್ಕಸ್ ವೇರ್‌ನನ್ನು ತೆಗೆದುಕೊಂಡಿತು. ಚೆಂಡು ಹಿಡಿಯುವವರನ್ನು ಕೂಡಿಸುತ್ತಾ ಹೋದರು, ಎಸೆಯುವವನಿಗೆ ಉಸಿರಾಡಲು ಜಾಗ ಮಾಡಿಕೊಡಲಿಲ್ಲ. 2007ರಲ್ಲಿ ನಾಲ್ಕನೇ ರಿಸೀವರ್ ಆಗಿ, ಎರಡನೇ ಸ್ಥಾನದಲ್ಲಿ, ಕ್ಯಾಲ್ವಿನ್ ಜಾನ್ಸನ್ ಬಂದ. ಅಪ್ಪಟ ಚಿನ್ನ. ಆದರೂ ಮರು ವರ್ಷವೇ 0-16.

ಆದರೆ ಕೇಳಿ. 2021ರಲ್ಲಿ ಬ್ರ್ಯಾಡ್ ಹೋಮ್ಸ್ ಆಟಗಾರರನ್ನು ಆರಿಸುವ ಜನರಲ್ ಮ್ಯಾನೇಜರ್ ಆಗಿ, ಡ್ಯಾನ್ ಕ್ಯಾಂಪ್‌ಬೆಲ್ ಕೋಚ್ ಆಗಿ ಜೊತೆಗೇ ಬಂದರು. ಮೊದಲ ಆಯ್ಕೆ ಪೆನೇ ಸೂಯೆಲ್, ಎದುರಾಳಿಗಳನ್ನು ತಡೆಯುವ ಟ್ಯಾಕಲ್. ಟೀವಿಯಲ್ಲಿ ಮಿಂಚುವ ಜಾಗವಲ್ಲ ಅದು. ನಾಲ್ಕನೇ ಸುತ್ತಿನಲ್ಲಿ, 112ನೇ ಸ್ಥಾನದಲ್ಲಿ, ಏಮನ್-ರಾ ಸೇಂಟ್ ಬ್ರೌನ್. ತನಗಿಂತ ಮೊದಲು ಹೋದ 16 ರಿಸೀವರ್‌ಗಳ ಹೆಸರನ್ನು ಅವನು ಬಾಯಿಪಾಠವಾಗಿ ಹೇಳುತ್ತಾನೆ. ಆ ಮೊದಲ ಸೀಸನ್‌ನಲ್ಲಿ ಗೆದ್ದದ್ದು ಮೂರೇ ಪಂದ್ಯ. ಆದರೂ ಆ ಇಬ್ಬರನ್ನು ಮನೆಗೆ ಕಳುಹಿಸಲಿಲ್ಲ. 2023ರಲ್ಲಿ ಹನ್ನೆರಡನೇ ಸ್ಥಾನದಲ್ಲಿ ಜಹ್ಮೀರ್ ಗಿಬ್ಸ್ ಎಂಬ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ತೆಗೆದುಕೊಂಡಾಗ ಎಷ್ಟೋ ಜನ ತಲೆ ಚಚ್ಚಿಕೊಂಡರು. ನಾನೂ ಬೈದೆ. ಆ ವರ್ಷ ಸೂಪರ್ ಬೌಲ್ ಫೈನಲ್‌ಗೆ ಒಂದೇ ಹೆಜ್ಜೆ ಬಾಕಿ ಇತ್ತು. ಮುಂದಿನ ವರ್ಷ 15-2. ಗಿಬ್ಸ್ ಹೆಸರಿನ ಅಂಗಿಯನ್ನು ಈಗ ನಾನೇ ಹಾಕಿಕೊಳ್ಳುತ್ತೇನೆ.

ಉತ್ತರ 3

ಅಂಕಿಅಂಶದ ಕೆಲಸ ನನ್ನದು. ಈ ವಿಷಯದಲ್ಲಿ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಮಾಡಿದ ಅಧ್ಯಯನ ಹೆಸರುವಾಸಿ. ಅವರು ಕಂಡದ್ದು ಇಷ್ಟು: ತಂಡಗಳು ಮೇಲಿನ ಆಯ್ಕೆಗಳಿಗೆ ಇರಬೇಕಾದದ್ದಕ್ಕಿಂತ ಜಾಸ್ತಿ ಬೆಲೆ ಕಟ್ಟುತ್ತವೆ. ಒಂದೇ ಜಾಗಕ್ಕೆ ಒಬ್ಬನ ಬೆನ್ನಿಗೇ ಇನ್ನೊಬ್ಬನಂತೆ ಆರಿಸಿದ ಇಬ್ಬರಲ್ಲಿ ಮೊದಲು ಹೋದವನು ನಂತರ ಹೋದವನಿಗಿಂತ ಉತ್ತಮನಾಗುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಹಾಗಾಗಿ ಒಬ್ಬನಿಗಾಗಿ ಮೂರು ಕೊಟ್ಟು ಮೇಲೇರುವ ಬದಲು, ಕೆಳಗಿಳಿದು ಹೆಚ್ಚು ನಾಣ್ಯ ಚಿಮ್ಮುವುದು ಒಳ್ಳೆಯದು.

ಬ್ರೌನ್ಸ್ ಇದನ್ನೂ ಮಾಡಿ ನೋಡಿದರು. 2016ರಲ್ಲಿ ಎರಡನೇ ಸ್ಥಾನ ಬಿಟ್ಟುಕೊಟ್ಟು ಆಯ್ಕೆಗಳನ್ನು ಕೂಡಿಸಿ, ಒಟ್ಟು 14 ಜನರನ್ನು ತೆಗೆದುಕೊಂಡರು. ಆ ವರ್ಷ 1-15, ಮರು ವರ್ಷ 0-16. ಲೆಕ್ಕ ತಪ್ಪಿರಲಿಲ್ಲ. ಆ ಲೆಕ್ಕ ಫಲ ಕೊಡಲು ವರ್ಷಗಳು ಬೇಕಿತ್ತು. ಲೆಕ್ಕ ಹಾಕಿದ, ಆಯ್ಕೆಯ ಹೊಣೆ ಹೊತ್ತಿದ್ದ ಸಾಶಿ ಬ್ರೌನ್‌ರನ್ನು 2017ರ ಡಿಸೆಂಬರ್‌ನಲ್ಲೇ ತೆಗೆದುಹಾಕಿದರು. ಉತ್ತ ಹೊಲದಲ್ಲಿ ಮೊಳಕೆ ಕಾಣುವ ಮೊದಲೇ ಇನ್ನೊಬ್ಬರು ಬಂದು ಮತ್ತೆ ಉತ್ತರು. 2020ರ ಸೀಸನ್‌ನಲ್ಲಿ ನೀವು ಪಿಟ್ಸ್‌ಬರ್ಗ್ ಅನ್ನು ಅವರ ಊರಲ್ಲೇ 48-37ರಲ್ಲಿ ಸೋಲಿಸಿದಿರಲ್ಲ, ಆ ತಂಡ ಕಟ್ಟಲು ಸಿಕ್ಕ ಆಯ್ಕೆಗಳಲ್ಲಿ ಎಷ್ಟೋ ಸಾಶಿ ಬ್ರೌನ್ ಕೂಡಿಸಿಟ್ಟು ಹೋದವು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದ. ಉತ್ತರ 1ರವರು ಕೇಳಿದ ಕಾಲಂ ನನ್ನ ಬಳಿ ಇರಲಿಲ್ಲ. ನಿನ್ನೆ ರಾತ್ರಿ ಮಗಳ ಜೊತೆ ಕೂತು ಸೇರಿಸಿದೆ. ಪ್ರತಿ ಹೆಸರಿನ ಮುಂದೆ ಎರಡು ಸಂಗತಿ: ಆರಿಸಿದವರು ಯಾರು, ಕಳುಹಿಸಿದವರು ಯಾರು.

ಟ್ರೆಂಟ್ ರಿಚರ್ಡ್‌ಸನ್ ಸಾಲಿಗೆ ಬಂದಾಗ ಇಬ್ಬರೂ ಸುಮ್ಮನಾದೆವು. 2012ರ ಮೂರನೇ ಆಯ್ಕೆ. ಆರಿಸಿದವರು ಟಾಮ್ ಹೆಕರ್ಟ್. ಎಡಗಡೆ ನಾನೂ ಅವನ ಹೆಸರನ್ನೇ ಬರೆದಿದ್ದೆ. ಮೊದಲ ವರ್ಷ 950 ಗಜ ಓಡಿದ, ಓಡಿ ಗಳಿಸಿದ್ದು 11 ಟಚ್‌ಡೌನ್. ಆ ಸೀಸನ್ ಮುಗಿದದ್ದೇ ಹೆಕರ್ಟ್‌ಗೆ ಬಾಗಿಲು ತೋರಿಸಿದರು. ಹೊಸದಾಗಿ ಬಂದ ಜೋ ಬ್ಯಾನರ್ ಮತ್ತು ಮೈಕಲ್ ಲೊಂಬಾರ್ಡಿ 2013ರ ಸೆಪ್ಟೆಂಬರ್‌ನಲ್ಲಿ ಅವನನ್ನು ಇಂಡಿಯಾನಾಪೊಲಿಸ್‌ಗೆ ಕೊಟ್ಟು, ಮೊದಲ ಸುತ್ತಿನ ಒಂದು ಆಯ್ಕೆ ಪಡೆದರು. ಅದನ್ನು ಬಳಸುವ ಮೊದಲೇ ಅವರೂ ಹೋದರು. ರೇ ಫಾರ್ಮರ್ ಬಂದರು. ಆ ಆಯ್ಕೆಯನ್ನೇ ಮುಂದಿಟ್ಟು 22ಕ್ಕೆ ಏರಿ ಮ್ಯಾಂಜೆಲ್‌ನನ್ನು ತಂದರು. ಫಾರ್ಮರ್ ಹೋದ ಮೇಲೆ, 2016ರ ಮಾರ್ಚ್‌ನಲ್ಲಿ, ಸಾಶಿ ಬ್ರೌನ್ ಕಾಲದಲ್ಲಿ ಮ್ಯಾಂಜೆಲ್‌ನನ್ನು ಕೈಬಿಟ್ಟರು. ಒಂದೇ ಒಂದು ಆಯ್ಕೆ. ನಾಲ್ಕು ವರ್ಷ, ನಾಲ್ಕು ಆಡಳಿತ. ಒಬ್ಬರು ಕೊಂಡದ್ದನ್ನು ಇನ್ನೊಬ್ಬರು ಮಾರಿದರು, ಮತ್ತೊಬ್ಬರು ಖರ್ಚು ಮಾಡಿದರು, ಮಗದೊಬ್ಬರು ಕಸಕ್ಕೆ ಹಾಕಿದರು.

2013ರ ಆಯ್ಕೆ ಮಿಂಗೊ, 2014ರ ಗಿಲ್ಬರ್ಟ್ ಸಾಲುಗಳಲ್ಲೂ ಇದೇ. ಕಳುಹಿಸಿದವರು ಆರಿಸಿದವರಲ್ಲ. ಜೋ ಥಾಮಸ್ ಆರು ಮುಖ್ಯ ಕೋಚ್‌ಗಳ ಕೈಕೆಳಗೆ ಆಡಿದ. 2014ರಲ್ಲಿ 35ನೇ ಆಯ್ಕೆಯಾಗಿ ಬಂದ ಜೋಯೆಲ್ ಬಿಟೋನಿಯೋ, 2018ರಲ್ಲಿ ಅದೇ 35ರಲ್ಲಿ ಬಂದ ನಿಕ್ ಚಬ್, ಇವರು ಯಾರು ಬಂದರೂ ಹೋದರೂ ನಿಂತರು. ಅಷ್ಟು ಗಟ್ಟಿ ಇದ್ದವರು ಮಾತ್ರ ಇಲ್ಲಿ ಉಳಿದರು. ಸ್ವಲ್ಪ ತಾಳ್ಮೆ, ಒಬ್ಬನೇ ಕೋಚ್, ಒಂದೇ ಪಾಠ ಬೇಕಿದ್ದ ಹುಡುಗರು ಉಳಿಯಲಿಲ್ಲ. ಅಂಥವರೇ ಜಾಸ್ತಿ.

ಹಾಗಂತ ಕಾಲಾವಕಾಶ ಒಂದೇ ಸಾಕು ಅಂತಲೂ ಅಲ್ಲ. ಆಂಡ್ರ್ಯೂ ಬೆರಿ 2020ರಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದರು, ಅವರಿಗೆ ಸಮಯ ಸಿಕ್ಕಿತು. 2022ರಲ್ಲಿ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್‌ಗಾಗಿ ಮೊದಲ ಸುತ್ತಿನ ಮೂರು ಆಯ್ಕೆ, 23 ಕೋಟಿ ಡಾಲರ್ ಖಾತರಿ ಸಂಬಳ. ನೋಟ್‌ಬುಕ್‌ನಲ್ಲಿ 2022, 2023, 2024ರ ಪುಟಗಳ ಮೇಲ್ಭಾಗ ಖಾಲಿ ಇದೆ. ಬರೆಯಲು ಹೆಸರೇ ಇರಲಿಲ್ಲ. ಇದಕ್ಕೆ ಅದೃಷ್ಟವನ್ನು ದೂರಲು ನನಗೆ ಮನಸ್ಸಿಲ್ಲ.

2025ರ ಪುಟದಲ್ಲಿ ಮೇಸನ್ ಗ್ರಹಾಂ, ಐದನೇ ಸ್ಥಾನ. ಎರಡನೇ ಸ್ಥಾನ ಬಿಟ್ಟು ಕೆಳಗಿಳಿದು ತೆಗೆದುಕೊಂಡದ್ದು. ಹೊಸ ಕಾಲಂನಲ್ಲಿ "ಆರಿಸಿದವರು: ಬೆರಿ" ಎಂದು ಮಗಳೇ ಬರೆದಳು. ಪಕ್ಕದ ಕಾಲಂ ಖಾಲಿ ಬಿಟ್ಟಿದ್ದಾಳೆ. ಅದು ಹತ್ತು ವರ್ಷ ಹಾಗೇ ಖಾಲಿ ಇರಲಿ ಅಂತ ಇಬ್ಬರಿಗೂ ಆಸೆ.